ಒಡ್ಡಿನ ಹಿಂದಿನ ಸಮುದ್ರ: ನಿಸ್ಕ್ವಾಲಿ ಅಳಿವೆಯ ನಕ್ಷೆ ಬಿಡಿಸುತ್ತಾ

ನಮಸ್ಕಾರ ಎಲ್ಲರಿಗೂ. ಹಿಂದೆ ಕಾಣುತ್ತಿರುವ ಎರಡು ದೊಡ್ಡ ಕೊಟ್ಟಿಗೆ ನೋಡಿ ಇದು ಡೈರಿ ಫಾರ್ಮ್ ಅಂದುಕೊಂಡರೆ ತಪ್ಪೇನಿಲ್ಲ. ಒಂದು ಕಾಲಕ್ಕೆ ಫಾರ್ಮೇ ಆಗಿತ್ತು. ಈಗ ಇದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ಬಿಲ್ಲಿ ಫ್ರಾಂಕ್ ಜೂನಿಯರ್ ನಿಸ್ಕ್ವಾಲಿ ವನ್ಯಜೀವಿ ಧಾಮ. ಸಿಯಾಟಲ್‌ನಿಂದ ದಕ್ಷಿಣಕ್ಕೆ ಬಂದರೆ, ಒಲಿಂಪಿಯಾಕ್ಕೆ ಸ್ವಲ್ಪ ಮೊದಲು ಸಿಗುತ್ತದೆ. ರೇನಿಯರ್ ಪರ್ವತದ ಹಿಮದಲ್ಲಿ ಹುಟ್ಟಿದ ನಿಸ್ಕ್ವಾಲಿ ನದಿ ಪ್ಯೂಜೆಟ್ ಸೌಂಡ್ ಅನ್ನುವ, ನೆಲದೊಳಗೆ ಚಾಚಿಕೊಂಡ ಸಮುದ್ರದ ತೋಳನ್ನು ಸೇರುವ ಅಳಿವೆ ಇದು.

ಮರದ ಹಾದಿಯ ಕೆಳಗೆ ಕ್ಯಾಮೆರಾ ಇಳಿಸಿದ್ದೇನೆ, ನೋಡಿ. ಕೆಸರಿನಲ್ಲಿ ಕೊರೆದ ಸಣ್ಣ ತೋಡು. ಒಂದು ಹೆಜ್ಜೆ ಅಗಲ ಇರಬಹುದು, ಅಷ್ಟೆ. ಚಿನೂಕ್ ಸಾಲ್ಮನ್ ಮರಿಗಳಿಗೆ ಬೇಕಾಗಿರುವುದು ಇಂಥ ಜಾಗ. ಬೆರಳುದ್ದದ ಮರಿ ಉಬ್ಬರದ ಜೊತೆ ಒಳಗೆ ಬರುತ್ತದೆ, ಹುಲ್ಲಿನಿಂದ ಬೀಳುವ ಹುಳ-ಹುಪ್ಪಟೆ ತಿನ್ನುತ್ತದೆ, ಇಳಿತಕ್ಕೆ ಹೊರಗೆ ಹೋಗುತ್ತದೆ. ಹೀಗೆ ಕೆಲವು ವಾರ ಇಲ್ಲೇ ಮೈ ತುಂಬಿಕೊಂಡು, ಉಪ್ಪುನೀರಿಗೆ ಹೊಂದಿಕೊಂಡು, ಆಮೇಲೆ ಸಮುದ್ರಕ್ಕೆ. ಬಡಕಲಾಗಿ ಹೊರಟ ಮರಿ ಉಳಿಯುವುದು ಕಷ್ಟ. ಪ್ಯೂಜೆಟ್ ಸೌಂಡ್‌ನ ಚಿನೂಕ್ 1999ರಲ್ಲೇ ಅಪಾಯದಲ್ಲಿರುವ ಮೀನುಗಳ ಪಟ್ಟಿ ಸೇರಿತು.

ಸರಿ, ಇಂಥ ಜಾಗ ಎಷ್ಟು ಹೋಗಿದೆ ಅಂತ ನಕ್ಷೆಯಲ್ಲಿ ತೋರಿಸುವುದು ಹೇಗೆ? ಹಳೆಯ ಉಪಗ್ರಹ ಚಿತ್ರ, ಹೊಸದು, ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಆಯ್ತಲ್ವಾ? ಆಗುವುದಿಲ್ಲ. ನೆಲದ ಚಿತ್ರ ತೆಗೆಯುವ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿದ್ದು 1972ರಲ್ಲಿ. ಇಲ್ಲಿದ್ದ ಬ್ರೌನ್ ಫಾರ್ಮ್‌ನವರು ಉಬ್ಬರದ ನೀರು ತಡೆದು ಜವುಗನ್ನು ಹುಲ್ಲುಗಾವಲು ಮಾಡಲು ಹಾಕಿದ ಒಡ್ಡು ಎದ್ದಿದ್ದು 1904ರ ಸುಮಾರಿಗೆ. ಉಪಗ್ರಹ ಕಣ್ಣು ಬಿಡುವ ಹೊತ್ತಿಗೆ ನಷ್ಟ ಆಗಿಹೋಗಿತ್ತು. ಅಲ್ಲದೆ ಮೇಲಿನಿಂದ ಹುಲ್ಲುಗಾವಲೂ ಹಸಿರು, ಉಬ್ಬರದ ಜವುಗೂ ಹಸಿರು.

ಅದಕ್ಕೇ ಎರಡು ಬೇರೆ ದಾರಿ ಇವೆ. ಮೊದಲನೆಯದು ಹಳೆಯ ಕೈನಕ್ಷೆ. 19ನೇ ಶತಮಾನದ ಎರಡನೇ ಅರ್ಧದಲ್ಲಿ ಅಮೆರಿಕದ ಕರಾವಳಿ ಸರ್ವೆಯವರು ಈ ತೀರವನ್ನೆಲ್ಲ ಬಿಡಿಸಿದ್ದಾರೆ. ಜವುಗು ಇರುವಲ್ಲಿ ಅಡ್ಡಗೆರೆ, ಗೆರೆಯ ಮೇಲೆ ಹುಲ್ಲಿನ ಪುಟ್ಟ ಗೊಂಚಲು. ಎಂಥ ತಾಳ್ಮೆ ಮಾರಾಯ್ರೆ! ಒಂದೊಂದು ತೋಡಿನ ತಿರುವೂ ಸಿಗುತ್ತದೆ.

ಎರಡನೆಯದು ಲೈಡಾರ್. ವಿಮಾನದಿಂದ ಲೇಸರ್ ಬಿಟ್ಟು ನೆಲದ ಎತ್ತರ ಅಳೆದ ಮಾಹಿತಿ. ವಾಷಿಂಗ್ಟನ್ ರಾಜ್ಯದ್ದು ಪುಕ್ಕಟೆ ಸಿಗುತ್ತದೆ. ಈಗ ಸ್ಕ್ರೀನ್ ಮೇಲೆ ಇರುವುದು ನನ್ನ ಕ್ಯೂಜಿಐಎಸ್, ನಕ್ಷೆ ಬಿಡಿಸುವ ಸಾಫ್ಟ್‌ವೇರ್. ಇಲ್ಲಿ ಕೇಳುವ ಪ್ರಶ್ನೆ 'ಎಲ್ಲಿ ನೀರಿದೆ' ಅಂತಲ್ಲ, 'ಒಡ್ಡು ಇಲ್ಲದಿದ್ದರೆ ಉಬ್ಬರ ಎಲ್ಲಿಯವರೆಗೆ ಬರುತ್ತಿತ್ತು' ಅಂತ. ಸಿಯಾಟಲ್‌ನಲ್ಲಿ ದಿನದ ದೊಡ್ಡ ಉಬ್ಬರದ ಸರಾಸರಿ ಮಟ್ಟ ಭೂಮಾಪನದಲ್ಲಿ ಎತ್ತರ ಅಳೆಯಲು ಸೊನ್ನೆ ಅಂತ ಇಟ್ಟುಕೊಂಡ ಮಟ್ಟದಿಂದ ಸುಮಾರು 9 ಅಡಿ ಮೇಲೆ. ಇಲ್ಲಿ, ದಕ್ಷಿಣದ ತುದಿಯಲ್ಲಿ, ಇನ್ನೂ ಜಾಸ್ತಿ. ಉಬ್ಬರ ಇಳಿತದ ನಡುವೆ ಸುಮಾರು 14 ಅಡಿ ವ್ಯತ್ಯಾಸ. ನಮ್ಮ ಕಾರವಾರದಲ್ಲಿ ಅದರ ಅರ್ಧವೂ ಇಲ್ಲ. ಎಲ್ಲ ಕಡೆಗೂ ಒಂದೇ ಸಂಖ್ಯೆ ಹಾಕಿದರೆ ನಕ್ಷೆ ಕೆಡುತ್ತದೆ. ದಟ್ಟ ಹುಲ್ಲಿದ್ದರೆ ಲೇಸರ್ ನೆಲ ಮುಟ್ಟುವುದೇ ಇಲ್ಲ, ಜವುಗು ಇರುವುದಕ್ಕಿಂತ ಎತ್ತರ ಕಾಣುತ್ತದೆ. ಅದನ್ನೂ ನೋಡಿಕೊಳ್ಳಬೇಕು.

ಇದೇ ರೀತಿ ಎತ್ತರ ಹಿಡಿದು ಅಮೆರಿಕದ ಪಶ್ಚಿಮ ಕರಾವಳಿಯ 55 ಅಳಿವೆಗಳನ್ನು ಲೆಕ್ಕ ಹಾಕಿದ ಅಧ್ಯಯನ 2019ರಲ್ಲಿ ಬಂತು. ಗಿಡ-ಹುಲ್ಲು ಬೆಳೆಯುವ ಉಬ್ಬರದ ಜವುಗಿನಲ್ಲಿ ಸುಮಾರು 85% ಹೋಗಿದೆ ಅಂತ ತಿಳಿಯಿತು. ಬಂದರು, ಕಟ್ಟಡ ಮಾತ್ರ ಕಾರಣ ಅಂದುಕೊಂಡಿರಾ? ಒಂದು ಮಣ್ಣಿನ ಒಡ್ಡು, ಇಳಿತಕ್ಕೆ ತೆರೆದು ಉಬ್ಬರಕ್ಕೆ ಮುಚ್ಚುವ ಕಬ್ಬಿಣದ ಬಾಗಿಲು, ಇಷ್ಟೇ ಸಾಕು.

ನಾನು ಕುಮಟಾ ಕಡೆಯವಳು. ಅಘನಾಶಿನಿ ನದಿಯ ಅಳಿವೆಯಲ್ಲಿ ಒಡ್ಡು ಹಾಕಿ ಮಾಡಿದ ಗಜನಿ ಗದ್ದೆ ನೋಡಿದವರಿಗೆ ಇದು ಹೊಸದಲ್ಲ. ಆದರೆ ಗಜನಿಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಕೊಯ್ದ ಮೇಲೆ ಉಪ್ಪುನೀರು ಒಳಗೆ ಬಿಡುತ್ತಾರೆ, ಸಿಗಡಿ, ಮೀನು ಹಿಡಿಯುತ್ತಾರೆ. ಇಲ್ಲಿ ನೂರು ವರ್ಷ ಬಿಡಲೇ ಇಲ್ಲ.

2009ರಲ್ಲಿ ಒಡ್ಡು ಒಡೆದರು. 762 ಎಕರೆಗೆ ಉಬ್ಬರ ವಾಪಸ್ ಬಂತು. ಪಕ್ಕದ ತಮ್ಮ ಜಮೀನಿನಲ್ಲಿ ನಿಸ್ಕ್ವಾಲಿ ಬುಡಕಟ್ಟಿನವರು ಮೊದಲೇ ಈ ಕೆಲಸ ಶುರು ಮಾಡಿದ್ದರು. ಧಾಮಕ್ಕೆ ಹೆಸರು ಬಂದಿರುವ ಬಿಲ್ಲಿ ಫ್ರಾಂಕ್ ಅದೇ ಬುಡಕಟ್ಟಿನವರು, ಮೀನು ಹಿಡಿಯುವ ಹಕ್ಕಿಗಾಗಿ ಮತ್ತೆ ಮತ್ತೆ ಜೈಲಿಗೆ ಹೋದವರು. 1974ರಲ್ಲಿ ಕೋರ್ಟು ಹಿಡಿಯುವ ಮೀನಿನಲ್ಲಿ ಅರ್ಧ ಪಾಲು ಬುಡಕಟ್ಟುಗಳಿಗೆ ಅಂದಿತು. ಮೀನೇ ಇಲ್ಲದಿದ್ದರೆ ಅರ್ಧ ಪಾಲು ಯಾವುದರಲ್ಲಿ?

ಇನ್ನು ನಕ್ಷೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ತಗ್ಗು ಜಾಗ. ಉಬ್ಬರ ಬಂದು ವರ್ಷಗಳಾದರೂ ಇಲ್ಲಿ ಹುಲ್ಲಿಲ್ಲ, ಬರೀ ಕೆಸರು. ಒಡ್ಡಿನ ಹಿಂದೆ ಒಣಗಿದ ನೆಲ ಕುಸಿದಿತ್ತು. ಅದು ಮೇಲೇಳಲು ನದಿ ಹೂಳು ತರಬೇಕು. ಆದರೆ ಮೇಲೆ 1945ರಿಂದ ಆಲ್ಡರ್ ಅಣೆಕಟ್ಟು ಇದೆ, ಹೂಳಿನ ಬಹುಪಾಲು ಅಲ್ಲೇ ನಿಲ್ಲುತ್ತದೆ. ಕರಾವಳಿಯ ನಕ್ಷೆ ಕರಾವಳಿಯಲ್ಲೇ ನಿಂತರೆ ಇದು ಗೊತ್ತಾಗುವುದೇ ಇಲ್ಲ.

ಮತ್ತೆ ಈ ಶಬ್ದ. ಇಷ್ಟು ಹೊತ್ತು ಹಿಂದೆ ಕೇಳುತ್ತಿರುವುದು ಐ-5 ಹೆದ್ದಾರಿಯ ಲಾರಿಗಳದ್ದು. ಹೆದ್ದಾರಿ ಅಳಿವೆಯನ್ನು ಅಡ್ಡ ದಾಟುವುದು ಮಣ್ಣು ತುಂಬಿದ ದಿಬ್ಬದ ಮೇಲೆ. ಅದನ್ನು ಎತ್ತರದ ಸೇತುವೆ ಮಾಡುವ ಯೋಜನೆ ರಾಜ್ಯದ ಮುಂದಿದೆ. ನನ್ನ ನಕ್ಷೆಯಲ್ಲಿ ಅದು ಬರೀ ಬೂದು ಬಣ್ಣದ ರಸ್ತೆ ಆಗಿತ್ತು. ಇವತ್ತು ಅದನ್ನು ಒಡ್ಡುಗಳ ಲೇಯರ್‌ಗೆ ಹಾಕುತ್ತಿದ್ದೇನೆ.