ಬಿಡಿಭಾಗದ ಸಂಖ್ಯೆಯನ್ನು ಓದುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ರೈಲು ಹಳಿ ಇನ್ನೂ ಮುಟ್ಟದ ನಮ್ಮ ಕೊಡಗಿನಲ್ಲಿ ಕಾರು, ಜೀಪು, ಪಿಕಪ್‌ಗಳಿಲ್ಲದೆ ತೋಟದ ಕೆಲಸವೂ ಸಾಗದು, ಆಸ್ಪತ್ರೆಗೆ ಹೋಗುವುದೂ ಆಗದು. ಗಾಡಿ ಕೆಟ್ಟು ಗ್ಯಾರೇಜಿನಲ್ಲಿ ನಿಂತಾಗ ಬೇಕಾದ ಬಿಡಿಭಾಗ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಸಿಕ್ಕರೆ ಸರಿ. ಸಿಗದಿದ್ದರೆ ಮೈಸೂರಿಗೋ ಮಂಗಳೂರಿಗೋ ಫೋನ್ ಮಾಡಿ ಬಸ್ಸಿನ ಪಾರ್ಸೆಲ್ಲಿನಲ್ಲಿ ತರಿಸಿಕೊಳ್ಳಬೇಕು. ಹಾಗೆ ಬಂದದ್ದು ಗಾಡಿಗೆ ಕೂರದೆ ಹೋದರೆ ಅದನ್ನು ಹಿಂದಕ್ಕೆ ಕಳುಹಿಸಿ ಮತ್ತೆ ಕಾಯಬೇಕು. ಇಷ್ಟಕ್ಕೆಲ್ಲ ಸಾಮಾನ್ಯ ಕಾರಣವೆಂದರೆ ನಾವು ಭಾಗವನ್ನು ಹೆಸರಿನಿಂದ ಕೇಳುವುದು. 'ಇನ್ನೋವಾದ ಬ್ರೇಕ್ ಪ್ಯಾಡ್' ಎಂದು ಕೇಳಿದರೆ ಅಂಗಡಿಯವರಿಗೆ ಅದು ಅರ್ಧ ಮಾಹಿತಿ ಮಾತ್ರ. ತಯಾರಕರ ಲೆಕ್ಕದಲ್ಲಿ ಪ್ರತಿಯೊಂದು ಭಾಗವನ್ನೂ ಬೇರೆಯದರಿಂದ ಬೇರ್ಪಡಿಸಿ ತೋರಿಸುವುದು ಅದರ ಪಾರ್ಟ್ ನಂಬರ್. ನೋಡಲು ಅರ್ಥವಿಲ್ಲದ ಅಂಕಿಗಳ ಸಾಲಿನಂತೆ ಕಂಡರೂ ಅದಕ್ಕೆ ಒಂದು ಕ್ರಮವಿದೆ.

ಜಪಾನ್ ಮತ್ತು ಕೊರಿಯಾ ಮೂಲದ ಕಂಪನಿಗಳ ಕ್ರಮ ಸುಲಭವಾಗಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಟೊಯೋಟಾದ ಸಂಖ್ಯೆಯಲ್ಲಿ ಮೊದಲು ಐದು ಅಂಕಿಗಳು, ಒಂದು ಅಡ್ಡಗೆರೆ, ಬಳಿಕ ಇನ್ನೈದು ಅಂಕಿಗಳೋ ಅಕ್ಷರಗಳೋ ಇರುತ್ತವೆ. ಮೊದಲ ಐದು ಅಂಕಿಗಳು ಇದು ಯಾವ ಬಗೆಯ ಭಾಗ ಎಂಬುದನ್ನು ಹೇಳುತ್ತವೆ. 04465 ಎಂದಿದ್ದರೆ ಅದು ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ಸೆಟ್. 04466 ಎಂದಿದ್ದರೆ ಹಿಂದಿನ ಚಕ್ರಗಳದ್ದು. ಕಾರು ಯಾವುದೇ ಆಗಿರಲಿ, ಈ ಐದು ಅಂಕಿಗಳು ಬದಲಾಗುವುದಿಲ್ಲ. ಯಾವ ಗಾಡಿಗೆ ಎಂಬ ಪ್ರಶ್ನೆಗೆ ಉತ್ತರ ಎರಡನೆಯ ಐದರಲ್ಲಿದೆ: ಇನ್ನೋವಾ, ಫಾರ್ಚುನರ್, ಹೈಲಕ್ಸ್‌ಗಳ ಕುಟುಂಬಕ್ಕೆಂದು ರೂಪಿಸಿದ ಅನೇಕ ಭಾಗಗಳಲ್ಲಿ ಆ ಎರಡನೆಯ ತುಂಡು ಸೊನ್ನೆ ಮತ್ತು 'ಕೆ' ಅಕ್ಷರದಿಂದ ಆರಂಭವಾಗುತ್ತದೆ. ಸಂಖ್ಯೆ 9ರಿಂದ ಆರಂಭವಾದರೆ ಅದು ಸಾಮಾನ್ಯವಾಗಿ ಬೋಲ್ಟು, ಬೇರಿಂಗುಗಳಂತೆ ಅನೇಕ ಮಾದರಿಗಳಿಗೆ ಸಲ್ಲುವ ಭಾಗ. ಟೊಯೋಟಾದ ಹಲವು ಆಯಿಲ್ ಫಿಲ್ಟರುಗಳು 90915 ಎಂದೇ ಆರಂಭವಾಗುವುದು ಈ ಕಾರಣದಿಂದ.

ಸುಜುಕಿಯಲ್ಲಿಯೂ ಇದೇ ಬಗೆ: 16510 ಎಂದರೆ ಆಯಿಲ್ ಫಿಲ್ಟರ್, 13780 ಎಂದರೆ ಏರ್ ಫಿಲ್ಟರ್, 55810 ಎಂದರೆ ಮುಂದಿನ ಬ್ರೇಕ್ ಪ್ಯಾಡ್. ಮಾರುತಿ ಸುಜುಕಿಯ ಪೊಟ್ಟಣದ ಮೇಲೆ ಈ ಐದು ಅಂಕಿಗಳ ಬೆನ್ನಿಗೇ 'ಎಂ' ಎಂಬ ಅಕ್ಷರವನ್ನು ಕಾಣುತ್ತೀರಿ. ಅದರ ನಂತರದ್ದು ಮಾದರಿಯ ಗುರುತು. ಬಣ್ಣವಿರುವ ಭಾಗವಾದರೆ ಕೊನೆಯಲ್ಲಿ ಬಣ್ಣದ ಗುರುತೂ ಸೇರಿಕೊಳ್ಳುತ್ತದೆ. ಬಾಗಿಲಿನ ಹಿಡಿಕೆ ತರಿಸುವಾಗ ಈ ಕೊನೆಯ ತುಂಡನ್ನು ಬಿಟ್ಟರೆ ಬೂದು ಹಿಡಿಕೆಯ ಜಾಗಕ್ಕೆ ಕಪ್ಪು ಹಿಡಿಕೆ ಬಂದೀತು. ಹುಂಡೈನಲ್ಲಿ ಮುಂದಿನ ಪ್ಯಾಡ್ 58101, ಹಿಂದಿನದು 58302.

ಜಮೀನಿನ ಪಹಣಿ ನೋಡಿ ಬಲ್ಲವರಿಗೆ ಇದು ಹೊಸತೇನಲ್ಲ. ಊರು, ಸರ್ವೆ ನಂಬರ್, ಹಿಸ್ಸಾ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಕ್ರಮವೇ ಇಲ್ಲಿಯೂ ಇದೆ. ಆದರೆ ಒಂದು ಎಚ್ಚರಿಕೆ ಬೇಕು. ಸಂಖ್ಯೆಯೊಳಗಿನ ಮಾದರಿಯ ಗುರುತು ಆ ಭಾಗವನ್ನು ಮೊದಲು ಯಾವ ಗಾಡಿಗಾಗಿ ರೂಪಿಸಿದರು ಎಂಬುದನ್ನು ಹೇಳುತ್ತದೆಯೇ ಹೊರತು ಈಗ ಅದು ಎಲ್ಲೆಲ್ಲಿ ಬಳಕೆಯಲ್ಲಿದೆ ಎಂಬುದನ್ನಲ್ಲ. ಫೋಕ್ಸ್‌ವ್ಯಾಗನ್‌ನಲ್ಲಿ ಮೊದಲ ಮೂರು ಸ್ಥಾನಗಳು ಮಾದರಿಯವು. 6, ಆರ್, ಸೊನ್ನೆ ಎಂದರೆ ಪೋಲೊ. ಅದೇ ಸಂಖ್ಯೆಯ ಭಾಗ ವೆಂಟೊದಲ್ಲಿಯೂ ಸ್ಕೋಡಾ ರ್‍ಯಾಪಿಡ್‌ನಲ್ಲಿಯೂ ಇರಬಹುದು. ಹಾಗಾಗಿ 'ಇದು ಪೋಲೊದ್ದು, ನನ್ನ ಗಾಡಿಯದ್ದಲ್ಲ' ಎಂದು ರ್‍ಯಾಪಿಡ್ ಮಾಲೀಕರು ಗಾಬರಿಪಡಬೇಕಾಗಿಲ್ಲ.

ಎಡ ಬಲಗಳ ವಿಚಾರದಲ್ಲಿ ಆಗುವಷ್ಟು ಗೊಂದಲ ಬೇರೆಲ್ಲಿಯೂ ಆಗುವುದಿಲ್ಲ. ಗಾಡಿಯ ಮುಂದೆ ನಿಂತು ನೋಡುವವರ ಎಡ, ತಯಾರಕರ ಎಡವಲ್ಲ. ಚಾಲಕನ ಸೀಟಿನಲ್ಲಿ ಮುಂದಕ್ಕೆ ಮುಖ ಮಾಡಿ ಕುಳಿತವರ ಎಡವೇ ಎಡ. ಲಾರಿಯವರು ಹೇಳುವ ಡ್ರೈವರ್ ಸೈಡ್, ಕ್ಲೀನರ್ ಸೈಡ್ ಎಂಬ ಮಾತು ಈ ಮಟ್ಟಿಗೆ ಎಲ್ಲಕ್ಕಿಂತ ಖಚಿತವಾದುದು ಎಂದು ನನ್ನ ಅಭಿಪ್ರಾಯ. ಫೋಕ್ಸ್‌ವ್ಯಾಗನ್‌ನಲ್ಲಿ ಜೋಡಿ ಭಾಗಗಳ ಬೆಸ ಸಂಖ್ಯೆ ಎಡಕ್ಕೆ, ಸರಿ ಸಂಖ್ಯೆ ಬಲಕ್ಕೆ. ಹುಂಡೈನ ಹೆಡ್‌ಲೈಟಿನಲ್ಲಿಯೂ 92101 ಎಡದ್ದು, 92102 ಬಲದ್ದು. ಟೊಯೋಟಾದಲ್ಲಿಯಾದರೋ 81110 ಬಲದ್ದು, 81150 ಎಡದ್ದು. ಒಂದು ಕಂಪನಿಯ ನಿಯಮವನ್ನು ಇನ್ನೊಂದಕ್ಕೆ ಹೊರಿಸುವಂತಿಲ್ಲ. ಹೆಡ್‌ಲೈಟಿನ ಬಗ್ಗೆ ಇನ್ನೊಂದು ಮಾತನ್ನು ಹೇಳಲೇಬೇಕು. ರಸ್ತೆಯ ಬಲಕ್ಕೆ ಚಲಿಸುವ ದೇಶಗಳಿಗಾಗಿ ಮಾಡಿದ ಅದೇ ಕಾರಿನ ದೀಪಕ್ಕೆ ಬೇರೆ ಸಂಖ್ಯೆ ಇರುತ್ತದೆ. ಅಗ್ಗವೆಂದು ಅದನ್ನು ತರಿಸಿದರೆ ಜಾಗಕ್ಕೆ ಸರಿಯಾಗಿ ಕೂತೀತು. ಆದರೆ ಡಿಮ್ ಮಾಡಿದಾಗಲೂ ಅದರ ಬೆಳಕು ಬಲಬದಿಗೆ ಹೆಚ್ಚು ದೂರ ಚಾಚುವುದರಿಂದ ಸಂಪಾಜೆ ಘಾಟಿಯ ತಿರುವಿನಲ್ಲಿ ಎದುರಿನಿಂದ ಬರುವವರ ಕಣ್ಣಿಗೇ ಹೊಡೆಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಹಳೆಯ ಜೀಪುಗಳನ್ನು ಜತನದಿಂದ ಕಾಪಾಡಿಕೊಂಡವರಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದೇ ವಿನ್ಯಾಸದ ಜೀಪನ್ನು ವಿಲ್ಲಿಸ್ ಕಂಪನಿ ಎಂಬಿ ಎಂಬ ಹೆಸರಿನಲ್ಲಿಯೂ ಫೋರ್ಡ್ ಕಂಪನಿ ಜಿಪಿಡಬ್ಲ್ಯೂ ಎಂಬ ಹೆಸರಿನಲ್ಲಿಯೂ ತಯಾರಿಸಿದವು. ಭಾಗಗಳು ಅದಲುಬದಲಾಗಬೇಕೆಂಬುದು ಸೈನ್ಯದ ಷರತ್ತು. ಆದರೂ ಎರಡು ಕಂಪನಿಗಳು ತಮ್ಮ ತಮ್ಮ ಸಂಖ್ಯೆಗಳನ್ನೇ ಇಟ್ಟುಕೊಂಡವು: ವಿಲ್ಲಿಸ್‌ನ ಅನೇಕ ಸಂಖ್ಯೆಗಳು 'ಎ' ಅಕ್ಷರದಿಂದ ಆರಂಭವಾದರೆ, ಫೋರ್ಡಿನವು ಜಿಪಿಡಬ್ಲ್ಯೂ ಎಂದು ಆರಂಭವಾಗಿ, ಅದರ ಮುಂದೆ ಎಂಜಿನ್ನಿಗೆ 6000ದ, ಗೇರ್‌ಬಾಕ್ಸಿಗೆ 7000ದ, ಬ್ರೇಕಿಗೆ 2000ದ ಸರಣಿಯ ಸಂಖ್ಯೆಗಳನ್ನು ಹೊಂದಿದ್ದವು. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೂ 'ಎಫ್' ಅಕ್ಷರವನ್ನು ಒತ್ತುತ್ತಿತ್ತು. ಹೀಗಾಗಿ ಒಂದೇ ವಸ್ತುವಿಗೆ ಎರಡು ಸಂಖ್ಯೆಗಳಿದ್ದು, ಎರಡೂ ಸರಿಯಾಗಿರುವುದು ಸಾಧ್ಯ.

ಬೇರಿಂಗುಗಳದ್ದು ಬೇರೆಯೇ ಲೋಕ. ಕಾರಿನ ಕಂಪನಿ ತನ್ನದೇ ಉದ್ದನೆಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಿದ್ದರೂ ಬೇರಿಂಗಿನ ಮೈಮೇಲೆ 6205 ಎಂಬಂಥ ಚಿಕ್ಕ ಸಂಖ್ಯೆ ಇರುವುದುಂಟು. ಇದು ಬೇರಿಂಗ್ ತಯಾರಕರೆಲ್ಲ ಒಪ್ಪಿದ ಸಂಖ್ಯೆ. ಕೊನೆಯ ಎರಡು ಅಂಕಿಗಳು 04 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಅವನ್ನು ಐದರಿಂದ ಗುಣಿಸಿ, ಒಳರಂಧ್ರದ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ. 6205ಕ್ಕೆ ಒಳಗೆ 25, ಹೊರಗೆ 52, ದಪ್ಪ 15 ಮಿಲಿಮೀಟರ್. ಬಳಿಕ ಬರುವ 2ಆರ್‌ಎಸ್ ಎರಡೂ ಬದಿಯ ರಬ್ಬರ್ ಮುಚ್ಚಳವನ್ನು, ಝಡ್‌ಝಡ್ ತಗಡಿನ ಮುಚ್ಚಳವನ್ನು ಸೂಚಿಸುತ್ತದೆ. ಸಿ3 ಎಂದಿದ್ದರೆ ಗುಂಡುಗಳಿಗೂ ಬೇರಿಂಗಿನ ಒಳ ಹೊರ ಬಳೆಗಳಿಗೂ ನಡುವಿನ ಸಡಿಲ ಸಾಮಾನ್ಯಕ್ಕಿಂತ ಹೆಚ್ಚು. ಅದನ್ನು ಕಡೆಗಣಿಸಿ ಬರೀ 6205 ಹಾಕಿದರೆ ಬಿಸಿಯೇರಿದಾಗ ಬೇರಿಂಗ್ ಬಿಗಿದುಕೊಂಡೀತು.

ಭಾಗದ ಮೈಮೇಲೆ ಅಚ್ಚಾದ ಅಂಕಿಗಳೆಲ್ಲ ಪಾರ್ಟ್ ನಂಬರ್ ಅಲ್ಲ. ಎರಕದ ಅಚ್ಚಿನ ಸಂಖ್ಯೆ ಬೇರೆ. ಒಂದೇ ಎರಕವನ್ನು ಬೇರೆ ಬೇರೆ ರೀತಿಯಲ್ಲಿ ಕೊರೆದು ಎರಡು ಭಾಗಗಳನ್ನಾಗಿ ಮಾಡುವುದುಂಟು. ಬಾಷ್‌ನಂಥ ಸರಬರಾಜುದಾರರು ತಮ್ಮ ಸಂಖ್ಯೆಯನ್ನೂ ಹಾಕಿರುತ್ತಾರೆ. ಅಲ್ಲದೆ ತಯಾರಕರು ಭಾಗವನ್ನು ತಿದ್ದಿದಾಗ ಹಳೆಯ ಸಂಖ್ಯೆಯನ್ನು ನಿಲ್ಲಿಸಿ ಹೊಸದನ್ನು ಕೊಡುತ್ತಾರೆ. ನೀವು ಕೇಳಿದ ಸಂಖ್ಯೆಗಿಂತ ಬೇರೆಯ ಸಂಖ್ಯೆಯ ಪೊಟ್ಟಣವನ್ನು ಅಂಗಡಿಯವರು ಕೊಟ್ಟರೆ ಮೋಸವೆಂದು ತಕ್ಷಣ ತೀರ್ಮಾನಿಸದೆ, ಕಂಪ್ಯೂಟರಿನ ಪಟ್ಟಿಯಲ್ಲಿ ಇದು ಅದರ ಬದಲಿಗೆ ಬಂದದ್ದೇ ಎಂದು ವಿಚಾರಿಸಿ. ಹೊಸದು ಹಳೆಯ ಗಾಡಿಗೆ ಒಗ್ಗಿದರೂ ಹಳೆಯದು ಹೊಸ ಗಾಡಿಗೆ ಒಗ್ಗಲೇಬೇಕೆಂದಿಲ್ಲ. ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ಮಾಲು ಅಸಲಿ ಎಂದೂ ಭಾವಿಸಬೇಡಿ. ನಕಲಿ ಮಾಡುವವರು ಮೊದಲು ನಕಲು ಮಾಡುವುದೇ ಸಂಖ್ಯೆಯನ್ನು.

ಕೊನೆಯದಾಗಿ, ಫೋನಿನಲ್ಲಿ ಹೇಳುವ ವಿಧಾನ. ಆರ್.ಸಿ.ಯಲ್ಲಿರುವ ಚಾಸಿ ನಂಬರಿನ 17 ಸ್ಥಾನಗಳನ್ನೂ ಕೊಡಿ. ಮಾರುತಿಯದ್ದು ಎಂಎ3, ಹುಂಡೈನದ್ದು ಎಂಎಎಲ್, ಮಹೀಂದ್ರದ್ದು ಎಂಎ1 ಎಂದು ಆರಂಭವಾಗುವುದುಂಟು. ಅದನ್ನು ಕಂಪನಿಯ ಪಟ್ಟಿಗೆ ಕೊಟ್ಟರೆ ನಿಮ್ಮ ಗಾಡಿಗೇ ಸಲ್ಲುವ ಪಾರ್ಟ್ ನಂಬರ್ ಹೊರಬೀಳುತ್ತದೆ. ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲವಾದ್ದರಿಂದ ದುಂಡಗೆ ಕಂಡದ್ದನ್ನು ಸೊನ್ನೆಯೆಂದೇ ಓದಬಹುದು. ಬಿಡಿಭಾಗದ ಸಂಖ್ಯೆಗೆ ಆ ಭರವಸೆ ಇಲ್ಲ, ಆದ್ದರಿಂದ ಅದರ ಫೋಟೋವನ್ನೇ ಕಳುಹಿಸುವುದು ಮೇಲು. ಪಾರ್ಸೆಲ್ ಕೈಸೇರಿದಾಗ ಪೊಟ್ಟಣದ ಚೀಟಿಯನ್ನು ನಿಮ್ಮ ಬಳಿಯ ಸಂಖ್ಯೆಯೊಡನೆ ಕೊನೆಯ ಅಕ್ಷರದವರೆಗೂ ಹೋಲಿಸಿ ನೋಡಿದ ಮೇಲೆಯೇ ಸೀಲು ಒಡೆಯಿರಿ, ಏಕೆಂದರೆ ಒಡೆದ ಪೊಟ್ಟಣವನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಂಗಡಿಗಳು ಕಡಿಮೆ.