ಮೀನು ಸತ್ತರೆ ಬೆಳಗಿನ ಜಾವ ನೀರು ಅಳೆಯಿರಿ

ನಮಸ್ಕಾರ ಗೆಳೆಯರೇ. ಕುಣಿಗಲ್ ಕಡೆ ಶಿಂಷಾ ಹೊಳೆಯ ಮಡುವಿನಲ್ಲಿ ಸತ್ತು ತೇಲುತ್ತಿದ್ದ ಮೀನಿನ ವಿಡಿಯೋ ಹಾಕಿದ್ದೆ. ಅದಕ್ಕೆ ಒಬ್ಬರು ಬರೆದಿದ್ದಾರೆ: 'ಬಿಸಿಲಿಗೆ ಸತ್ತಿವೆ ಬಿಡಣ್ಣ, ನೀರು ಟೆಸ್ಟ್ ಮಾಡಿದ್ರಲ್ಲ, ನಾರ್ಮಲ್ ಅಂತೆ.'

ಯಾವ ಹೊತ್ತಲ್ಲಿ ಟೆಸ್ಟ್ ಮಾಡಿದರು? ಅದು ಹೇಳಿ ಮೊದಲು. ಮೀನು ಸತ್ತಿದ್ದು ಬೆಳಗಿನ ಜಾವ. ಟೆಸ್ಟ್ ಮಾಡಿದವರು ಬಾಟಲಿ ತುಂಬಿಕೊಂಡಿದ್ದು ನಡು ಮಧ್ಯಾಹ್ನ.

ಚರಂಡಿ ನೀರು ಸೇರಿದ ಕಡೆ ಪಾಚಿ ಹಬ್ಬುತ್ತದೆ. ಬಿಸಿಲಿದ್ದಾಗ ಅದೇ ಪಾಚಿ ನೀರಿಗೆ ಆಮ್ಲಜನಕ ಬಿಡುತ್ತದೆ. ಕತ್ತಲಾದರೆ ತಾನೇ ಎಳೆದುಕೊಳ್ಳುತ್ತದೆ. ಕೊಳೆಯುವ ಕಸವೂ ಎಳೆಯುತ್ತದೆ. ಸೂರ್ಯ ಹುಟ್ಟೋ ಮುಂಚೆ ನೀರಲ್ಲಿ ಉಸಿರೇ ಇರುವುದಿಲ್ಲ. ಮಧ್ಯಾಹ್ನ ಅಳೆದರೆ ನಾರ್ಮಲ್ ಬರದೆ ಇನ್ನೇನು ಬರುತ್ತದೆ?

ಬಿಸಿಲು ಅಂತೀರಲ್ಲ, ಲೆಕ್ಕ ಮಾಡಿ. ನೀರು 30 ಡಿಗ್ರಿಗೆ ಕಾದರೂ ಲೀಟರಿಗೆ ಸುಮಾರು 7 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೀನಿಗೆ ಕನಿಷ್ಠ 4 ಇರಬೇಕು ಅನ್ನುತ್ತದೆ. ಬಿಸಿಲೊಂದೇ ಕಾರಣ ಆದರೆ ಮೀನು ಬದುಕಬೇಕಿತ್ತು ಅಲ್ವಾ? ಉಳಿದ ಆಮ್ಲಜನಕ ತಿಂದಿದ್ದು ಯಾರು?

ಸತ್ತಿದ್ದು ಯಾವ ಮೀನು ಅಂತಾದರೂ ನೋಡಿದಿರಾ? ಕಾಟ್ಲಾ, ರೋಹು. ಕೊರವ ಒಂದೂ ಇಲ್ಲ. ಕೊರವ ಮೇಲೆ ಬಂದು ಗಾಳಿ ಕುಡಿಯುವ ಮೀನು, ಅದಕ್ಕೇ ಉಳಿಯಿತು. ಗಾಳ ಹಾಕುವ ಹುಡುಗನಿಗೂ ಗೊತ್ತಿರುವ ವಿಷಯ ಇದು. ಉಸಿರು ಕಟ್ಟಿದರೆ ದೊಡ್ಡ ಮೀನೇ ಮೊದಲು ಹೋಗುವುದು. ಮಳೆ ಬಂದಾಗ ಮೊಟ್ಟೆ ಇಡಬೇಕಾದ ಮೀನು ಅವು! ಆಮೇಲೆ ಗಾಳಕ್ಕೆ ಬರೀ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಬರುತ್ತದೆ.

ಇನ್ನೊಬ್ಬರು, 'ನೀವು ಹಿಡಿದು ಹಿಡಿದೇ ಖಾಲಿ ಆಗಿದೆ' ಅಂತಾರೆ. ಸ್ವಾಮಿ, ಒಂದು ಗಾಳಕ್ಕೆ ಒಂದು ಮೀನು. ಒಂದೇ ರಾತ್ರಿಗೆ ಮಡು ಪೂರ್ತಿ ತೇಲಿಸಿದ್ದು ನಾವಾ? ಸುಮ್ನೆ ಏನೇನೋ ಬರೀಬೇಡಿ.

ದೇವರಾಯನದುರ್ಗದಿಂದ ಇಳಿದು ಮಾರ್ಕೋನಹಳ್ಳಿ ಕಟ್ಟೆ ತುಂಬಿಸುವ ಹೊಳೆ ಇದು. ಇದಕ್ಕಾಗಿ ಒಂದು ದಿನ ಬೇಗ ಏಳೋಕೆ ಆಗಲ್ವಾ? ಕೈಯಲ್ಲಿ ಹಿಡಿದು ಆಮ್ಲಜನಕ ಅಳೆಯುವ ಮೀಟರ್ ಸಾಕು. ದಂಡೆಯಲ್ಲೇ ಅಳೆಯಿರಿ, ಕತ್ತಲಿದ್ದಾಗಲೇ ಅಳೆಯಿರಿ. ಬೆಳಗಿನ ಜಾವ! ಎಷ್ಟು ಸಲ ಹೇಳಲಿ, ಬೆಳಗಿನ ಜಾವ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ನಿಮ್ಮೂರ ಕೆರೆಯಲ್ಲೋ ಹೊಳೆಯಲ್ಲೋ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಗಲೇ ವಿಡಿಯೋ ಮಾಡಿ, ಟೈಮ್ ಕಾಣೋ ಹಾಗೆ. ನನಗೆ ಕಳಿಸಿ, ಒಂದೊಂದನ್ನೂ ಹಾಕುತ್ತೇನೆ.