ಸಣ್ಣ ಕಂಪನಿಗೆ ಟ್ಯಾಕ್ಸ್ ರಿಟರ್ನ್ ಸಾಫ್ಟ್‌ವೇರ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ನಮಸ್ಕಾರ. ಇಬ್ಬರು ಡೈರೆಕ್ಟರ್‌ಗಳು, ಐದಾರು ಜನ ಸ್ಟಾಫು, ಒಂದೇ ಜಿಎಸ್‌ಟಿ ನಂಬರು. ಇಂಥ ಪ್ರೈವೇಟ್ ಲಿಮಿಟೆಡ್ ಕಂಪನಿ ಯಾವ ರಿಟರ್ನ್ ಸಾಫ್ಟ್‌ವೇರ್ ತಗೋಬೇಕು ಅನ್ನೋದು ಇವತ್ತಿನ ವಿಷಯ. ಹೆಸರುಗಳಿಗೆ ಹೋಗೋಕೆ ಮುಂಚೆ ಒಂದು ಹಾಳೆ ತಗೊಳ್ಳಿ. ನಿಮ್ಮ ಕಂಪನಿ ವರ್ಷಕ್ಕೆ ಎಷ್ಟು ರಿಟರ್ನ್ ಹಾಕುತ್ತೆ ಅಂತ ಎಣಿಸೋಣ.

ಜಿಎಸ್‌ಟಿಆರ್-1, ಅಂದ್ರೆ ಮಾರಾಟದ ಬಿಲ್‌ಗಳ ವಿವರ, ತಿಂಗಳಿಗೊಂದು, ಅಲ್ಲಿಗೆ 12. ತಿಂಗಳ ತೆರಿಗೆ ಲೆಕ್ಕ ಹಾಕಿ ಕಟ್ಟೋ ಜಿಎಸ್‌ಟಿಆರ್-3ಬಿ ಇನ್ನೊಂದು 12. ಸಂಬಳದ ಟಿಡಿಎಸ್‌ಗೆ (ದುಡ್ಡು ಕೊಡೋವಾಗ್ಲೇ ಹಿಡಿದುಕೊಳ್ಳೋ ತೆರಿಗೆ) ಮೂರು ತಿಂಗಳಿಗೊಂದರಂತೆ 4. ಬಾಡಿಗೆ, ಕಾಂಟ್ರ್ಯಾಕ್ಟು, ಪ್ರೊಫೆಷನಲ್ ಫೀಸಿನ ಟಿಡಿಎಸ್‌ಗೆ ಮತ್ತೆ 4. ಇನ್‌ಕಮ್ ಟ್ಯಾಕ್ಸ್ ರಿಟರ್ನು, ಅಂದ್ರೆ ಐಟಿಆರ್-6, ಒಂದೇ ಒಂದು. ಒಟ್ಟು 33. ವಹಿವಾಟು 2 ಕೋಟಿ ದಾಟಿದ್ರೆ ವರ್ಷದ ಕೊನೆಯ ಜಿಎಸ್‌ಟಿಆರ್-9 ಸೇರಿ 34. ವಹಿವಾಟು 5 ಕೋಟಿ ಒಳಗಿದ್ದು ಕ್ಯೂಆರ್‌ಎಂಪಿ (ರಿಟರ್ನ್ ಮೂರು ತಿಂಗಳಿಗೊಂದು, ತೆರಿಗೆ ಕಟ್ಟೋದು ಪ್ರತಿ ತಿಂಗಳು) ಆರಿಸಿಕೊಂಡಿದ್ರೆ ಜಿಎಸ್‌ಟಿ ಪಾಲು 24ರಿಂದ 8ಕ್ಕೆ ಇಳಿಯುತ್ತೆ.

ಟ್ಯಾಕ್ಸ್ ಸಾಫ್ಟ್‌ವೇರ್ ಅಂದ ತಕ್ಷಣ ಜನ ಹುಡುಕೋದು ಆ ಒಂದೇ ಒಂದು ಐಟಿಆರ್‌ಗೆ. ಎಡವೋದು ಇಲ್ಲೇ. ವಿನ್‌ಮ್ಯಾನ್, ಕಂಪ್ಯುಟ್ಯಾಕ್ಸ್, ಜೀನಿಯಸ್ ಥರದ ಪ್ಯಾಕೇಜ್‌ಗಳು ಗಟ್ಟಿ ಸಾಫ್ಟ್‌ವೇರ್‌ಗಳೇ. ಆದ್ರೆ ಅವು ನೂರಾರು ಕ್ಲೈಂಟ್‌ಗಳನ್ನ ಇಟ್ಟುಕೊಂಡಿರೋ ಸಿಎ ಆಫೀಸಿಗೆ ಅಂತ ಮಾಡಿದ್ದು. ಒಂದೇ ಕಂಪನಿಯ ಒಂದು ರಿಟರ್ನಿಗೆ ವರ್ಷ ವರ್ಷ ಲೈಸೆನ್ಸ್ ಕಟ್ಟೋದು ಬೇಡ. ಲಾಭ ಬರಲಿ ನಷ್ಟ ಆಗಲಿ, ಕಂಪನಿ ಅಂದ ಮೇಲೆ ಆಡಿಟ್ ಆಗಲೇಬೇಕು. ಆ ಆಡಿಟರ್ ಹತ್ರ ಇಂಥದ್ದೊಂದು ಪ್ಯಾಕೇಜ್ ಸಾಮಾನ್ಯವಾಗಿ ಇದ್ದೇ ಇರುತ್ತೆ.

ನೀವೇ ತುಂಬ್ತೀರಾ? ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನ ಡೌನ್‌ಲೋಡ್ಸ್ ಪುಟದಲ್ಲಿ ಐಟಿಆರ್-6 ಯುಟಿಲಿಟಿ ಪುಕ್ಕಟೆ ಸಿಗುತ್ತೆ. ಇಲಾಖೆ ಹತ್ರ ಆಗಲೇ ಇರೋ ನಿಮ್ಮ ವಿವರಗಳ ಪ್ರೀ-ಫಿಲ್ ಜೆಸನ್ (JSON) ಫೈಲ್ ಇಳಿಸಿಕೊಂಡು ಅದರೊಳಗೆ ಹಾಕಿದ್ರೆ ಪ್ಯಾನ್ ವಿವರ, ಟಿಡಿಎಸ್, ಅಡ್ವಾನ್ಸ್ ಟ್ಯಾಕ್ಸ್ ತಾನಾಗೇ ಬರುತ್ತೆ. ಬ್ಯಾಲೆನ್ಸ್ ಶೀಟು, ಲಾಭ-ನಷ್ಟದ ಸಂಖ್ಯೆಗಳನ್ನ ಕೈಯಲ್ಲೇ ತುಂಬಬೇಕು. ಒಂದು ದಿನದ ಕೆಲಸ, ಅಷ್ಟೇ. ಟಿಡಿಎಸ್‌ಗೂ ಪ್ರೋಟಿಯನ್ (Protean) ಸಂಸ್ಥೆಯ ಆರ್‌ಪಿಯು, ಅಂದ್ರೆ ರಿಟರ್ನ್ ತಯಾರಿಸೋ ಯುಟಿಲಿಟಿ, ಫ್ರೀ. ಹತ್ತಿಪ್ಪತ್ತು ಎಂಟ್ರಿ ಇರೋ ಕಂಪನಿಗೆ ಅದು ಧಾರಾಳ ಸಾಕು. ಅಲ್ಲಿ ಫೈಲ್ ರಿಜೆಕ್ಟ್ ಆಗೋಕೆ ಕಾರಣ ಹೆಚ್ಚಾಗಿ ಎರಡೇ: ಚಲನ್‌ನ ಬಿಎಸ್‌ಆರ್ ಕೋಡ್ (ಬ್ಯಾಂಕ್ ಶಾಖೆಯ ನಂಬರು), ತಾರೀಖು, ಮೊತ್ತ ಸಿಎಸ್‌ಐ ಫೈಲ್ (ಪೋರ್ಟಲ್‌ನಿಂದ ಇಳಿಸೋ ಚಲನ್ ಪಟ್ಟಿ) ಜೊತೆ ತಾಳೆ ಆಗದಿರೋದು, ಇಲ್ಲಾಂದ್ರೆ ಫೈಲ್ ಪರೀಕ್ಷಿಸೋ ಎಫ್‌ವಿಯು ಅನ್ನೋ ಯುಟಿಲಿಟಿಯ ಹಳೇ ವರ್ಷನ್ ಬಳಸಿರೋದು. ಪ್ರತಿ ಕ್ವಾರ್ಟರ್‌ಗೂ ಹೊಸ ವರ್ಷನ್ ಬಂದಿದೆಯಾ ನೋಡಿಕೊಂಡೇ ಶುರು ಮಾಡಿ.

ಹಾಗಾದ್ರೆ ದುಡ್ಡು ಹಾಕಬೇಕಾದ್ದು ಎಲ್ಲಿ? ಅಕೌಂಟಿಂಗ್ ಸಾಫ್ಟ್‌ವೇರ್‌ಗೆ. ಇಲ್ಲಿ ಕಾನೂನೇ ಒಂದು ಗೆರೆ ಎಳೆದಿದೆ. 2023ರ ಏಪ್ರಿಲ್ 1ರಿಂದ, ಯಾವುದೇ ಕಂಪನಿ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಇಟ್ರೆ ಅದರಲ್ಲಿ ಎಡಿಟ್ ಲಾಗ್ ಇರಬೇಕು. ಯಾವ ಎಂಟ್ರಿ ಯಾವಾಗ ಬದಲಾಯ್ತು ಅನ್ನೋ ದಾಖಲೆ ಅದು, ಯಾರೂ ಅದನ್ನ ಆಫ್ ಮಾಡೋಕೆ ಆಗಬಾರದು. ಸಣ್ಣ ಕಂಪನಿಗೂ ವಿನಾಯಿತಿ ಇಲ್ಲ. ಎಡಿಟ್ ಲಾಗ್ ವರ್ಷಪೂರ್ತಿ ಆನ್ ಇತ್ತಾ ಅಂತ ಆಡಿಟರ್ ತಮ್ಮ ವರದಿಯಲ್ಲಿ ಬರೀಲೇಬೇಕು. ಇದರ ಜೊತೆಗೆ ಪುಸ್ತಕಗಳ ಬ್ಯಾಕಪ್ ಪ್ರತಿದಿನ ಭಾರತದೊಳಗಿನ ಸರ್ವರ್‌ನಲ್ಲಿ ಇರಬೇಕು. ಹಾಗಾಗಿ ಅಂಗಡಿ ಬಿಲ್ಲಿಂಗಿಗೆ ಮಾಡಿದ ಅಗ್ಗದ ಆ್ಯಪ್‌ಗಳನ್ನ ಕಂಪನಿಗೆ ಹಾಕೋ ಮುಂಚೆ ಈ ಎರಡು ಪ್ರಶ್ನೆ ಕೇಳಿ, ಉತ್ತರ ಮೇಲ್‌ನಲ್ಲಿ ಬರೆಸಿಕೊಳ್ಳಿ. ಟ್ಯಾಲಿಪ್ರೈಮ್‌ನಲ್ಲಿ ಎಡಿಟ್ ಲಾಗ್ ಇದೆ, ಆದ್ರೆ ಕಂಪನಿ ಕಾನೂನಿಗೆ ಬೇಕಾಗಿರೋದು ಲಾಗ್ ಆಫ್ ಮಾಡೋಕೆ ಬಾರದ ಪ್ರತ್ಯೇಕ ಎಡಿಟ್ ಲಾಗ್ ಆವೃತ್ತಿ. ಯಾವುದು ಇನ್‌ಸ್ಟಾಲ್ ಆಗಿದೆ ಅಂತ ಇವತ್ತೇ ನೋಡಿ.

ಈಗ ಮುಖ್ಯ ಭಾಗ, ಡೆಮೋ. ಸೇಲ್ಸ್‌ನವರು ತೋರಿಸೋ ಸ್ಯಾಂಪಲ್ ಡೇಟಾ ನೋಡಿ ಒಪ್ಪಬೇಡಿ, ಅದು ಯಾವತ್ತೂ ತಪ್ಪೋದೇ ಇಲ್ಲ. ಟ್ರಯಲ್ ತಗೊಂಡು ನಿಮ್ಮದೇ ಹಳೇ ತಿಂಗಳೊಂದರ 20 ಬಿಲ್ ಹಾಕಿ. ಅದರಲ್ಲಿ ಒಂದು ಕ್ರೆಡಿಟ್ ನೋಟ್, ಒಂದು ಹೊರ ರಾಜ್ಯದ ಮಾರಾಟ, ರಿವರ್ಸ್ ಚಾರ್ಜ್ (ಮಾರಿದವರ ಬದಲು ಕೊಂಡವರೇ ಜಿಎಸ್‌ಟಿ ಕಟ್ಟೋದು) ಬರೋ ವಕೀಲರ ಫೀಸು ಒಂದು ಇರಲೇಬೇಕು. ಆಮೇಲೆ ಜಿಎಸ್‌ಟಿಆರ್-1 ಜೆಸನ್ ತೆಗೆದು, ಆಗಲೇ ಫೈಲ್ ಆಗಿರೋ ರಿಟರ್ನ್ ಜೊತೆ ಹೋಲಿಸಿ. ಒಂದು ರೂಪಾಯಿ ವ್ಯತ್ಯಾಸ ಬಂದ್ರೂ ಅದು ರೌಂಡಿಂಗಾ, ಬೇರೇನಾ ಅಂತ ಹಿಡಿಯೋವರೆಗೂ ಬಿಡಬೇಡಿ. ಬೇಕಂತಲೇ 17 ಅಕ್ಷರದ ಬಿಲ್ ನಂಬರ್ ಒಂದನ್ನ ಕೊಟ್ಟು ನೋಡಿ. ಜಿಎಸ್‌ಟಿಯಲ್ಲಿ ಬಿಲ್ ನಂಬರಿಗೆ 16 ಅಕ್ಷರದ ಮಿತಿ, ಚಿಹ್ನೆಗಳಲ್ಲಿ ಅಡ್ಡಗೆರೆ (-) ಮತ್ತು ಸ್ಲ್ಯಾಶ್ (/) ಮಾತ್ರ. ಒಳ್ಳೇ ಸಾಫ್ಟ್‌ವೇರ್ ಬಿಲ್ ಮಾಡೋವಾಗ್ಲೇ ತಡೆಯುತ್ತೆ. ಉಳಿದವು ಸುಮ್ಮನೆ ತಗೊಂಡು, ಜಿಎಸ್‌ಟಿಆರ್-1ರ ಕೊನೆ ದಿನ, 11ನೇ ತಾರೀಖು ಸಂಜೆ, ಪೋರ್ಟಲ್‌ನಲ್ಲಿ ಎರರ್ ಬರೋವರೆಗೂ ಬಾಯಿ ಬಿಡಲ್ಲ.

2ಬಿ ಅಂದ್ರೆ ನಿಮಗೆ ಮಾರಿದವರು ಹಾಕಿದ ಬಿಲ್‌ಗಳಿಂದ ನಿಮಗೆಷ್ಟು ತೆರಿಗೆ ಕ್ರೆಡಿಟ್ ಸಿಗುತ್ತೆ ಅಂತ ಪೋರ್ಟಲ್ ಕೊಡೋ ಪಟ್ಟಿ. ಅದನ್ನ ನಿಮ್ಮ ಪುಸ್ತಕದ ಜೊತೆ ತಾಳೆ ಮಾಡೋದನ್ನ ಇನ್ನೂ ಹತ್ತಿರದಿಂದ ನೋಡಬೇಕು. ಒಂದು ಖರೀದಿ ಬಿಲ್ ತಗೊಳ್ಳೋಣ: ಸರಕಿನ ಬೆಲೆ ₹10,000, ಸಿಜಿಎಸ್‌ಟಿ ₹900, ಎಸ್‌ಜಿಎಸ್‌ಟಿ ₹900. ಮಾರಿದವರು ಅಪ್‌ಲೋಡ್ ಮಾಡೋವಾಗ ರಾಜ್ಯ ತಪ್ಪಾಗಿ ಆರಿಸಿದ್ರು ಅಂದುಕೊಳ್ಳಿ. 14ನೇ ತಾರೀಖು ಬರೋ ಜಿಎಸ್‌ಟಿಆರ್-2ಬಿಯಲ್ಲಿ ಅದೇ ಬಿಲ್ ಐಜಿಎಸ್‌ಟಿ (ಹೊರ ರಾಜ್ಯದ ಮಾರಾಟದ ತೆರಿಗೆ) ₹1,800 ಅಂತ ಕಾಣುತ್ತೆ. ಒಟ್ಟು ತೆರಿಗೆ ಎರಡೂ ಕಡೆ ₹1,800. ಒಟ್ಟು ಮೊತ್ತವನ್ನಷ್ಟೇ ಹೋಲಿಸೋ ಸಾಫ್ಟ್‌ವೇರ್ ಹಸಿರು ಟಿಕ್ ಹಾಕಿಬಿಡುತ್ತೆ. ನೀವು 3ಬಿಯಲ್ಲಿ 900, 900 ಕ್ಲೇಮ್ ಮಾಡ್ತೀರ, ಪೋರ್ಟಲ್ ಲೆಕ್ಕದಲ್ಲಿ ಆ ಕ್ರೆಡಿಟ್ ಇಲ್ಲ, ಮುಂದೆ ನೋಟಿಸ್ ಬರಬಹುದು. ಟ್ರಯಲ್‌ನಲ್ಲಿ ಇಂಥ ಒಂದು ಬಿಲ್ ಹಾಕಿ, ಕೆಂಪು ಬರುತ್ತಾ ನೋಡಿ. ಹಾಗೇ ನಿಮ್ಮ ಪುಸ್ತಕದಲ್ಲಿ 45, ಅವರದ್ರಲ್ಲಿ 0045 ಅಂತ ಇದ್ರೆ ಅದು ಎರಡನ್ನೂ ಒಂದೇ ಬಿಲ್ ಅಂತ ಸೂಚಿಸುತ್ತಾ, ಇಲ್ಲ ಎರಡು ಬೇರೆ ಬಿಲ್ ಅನ್ನುತ್ತಾ ನೋಡಿ. ತಿಂಗಳಿಗೆ ನೂರೈವತ್ತು ಖರೀದಿ ಬಿಲ್ ಇರೋ ಕಡೆ ಈ ಒಂದು ವ್ಯತ್ಯಾಸದಿಂದಲೇ ಒಂದು ದಿನ ಉಳಿಯುತ್ತೆ.

ಸವಕಳಿಗೂ (ಡೆಪ್ರಿಸಿಯೇಷನ್) ಒಂದು ಪರೀಕ್ಷೆ ಇದೆ. ನವೆಂಬರ್‌ನಲ್ಲಿ ಕೊಂಡು ಬಳಸೋಕೆ ಶುರು ಮಾಡಿದ ₹60,000 ಬೆಲೆಯ ಲ್ಯಾಪ್‌ಟಾಪ್ ಒಂದನ್ನ ಹಾಕಿ. ಇನ್‌ಕಮ್ ಟ್ಯಾಕ್ಸ್ ಪ್ರಕಾರ ಕಂಪ್ಯೂಟರಿಗೆ 40%, ಆದ್ರೆ ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ರೆ ಅದರ ಅರ್ಧ. ಅಂದ್ರೆ ₹12,000. ಸಾಫ್ಟ್‌ವೇರ್ ₹24,000 ತೋರಿಸಿದ್ರೆ ತಪ್ಪು. ಕಂಪನಿ ಕಾಯ್ದೆಯ ಸವಕಳಿ ಬೇರೆ, ಅಲ್ಲಿ ಲ್ಯಾಪ್‌ಟಾಪಿಗೆ 3 ವರ್ಷದ ಆಯಸ್ಸು ಹಿಡಿದು ಲೆಕ್ಕ ಹಾಕ್ತಾರೆ. ಎರಡೂ ಪಟ್ಟಿ ಬೇರೆ ಬೇರೆ ಸಿಗಬೇಕು. ಒಂದೇ ಪಟ್ಟಿ ಕೊಡೋದಾದ್ರೆ ಇನ್ನೊಂದನ್ನ ಎಕ್ಸೆಲ್‌ನಲ್ಲಿ ಮಾಡಿಕೊಳ್ಳೋಕೆ ತಯಾರಿರಿ, ಅದೇನು ದೊಡ್ಡ ವಿಷಯ ಅಲ್ಲ.

ತೆರಿಗೆ ದರದ ವಿಷಯ. ₹10 ಲಕ್ಷ ಆದಾಯಕ್ಕೆ 22%ರ ದರ ಆರಿಸಿಕೊಂಡ್ರೆ ಸರ್‌ಚಾರ್ಜು, ಸೆಸ್ ಸೇರಿ 25.168%, ಅಂದ್ರೆ ₹2,51,680. ವಹಿವಾಟು 400 ಕೋಟಿ ಒಳಗಿನ ಕಂಪನಿ 25%ರಲ್ಲೇ ಉಳಿದ್ರೆ ಸೆಸ್ ಸೇರಿ ₹2,60,000. ಸಾಫ್ಟ್‌ವೇರ್ ಎರಡನ್ನೂ ಪಕ್ಕಪಕ್ಕ ತೋರಿಸಿದ್ರೆ ಒಳ್ಳೇದು. ಆದ್ರೆ 22% ಅಂತ ಟಿಕ್ ಮಾಡಿದ ಮಾತ್ರಕ್ಕೆ ಅದು ಸಿಗಲ್ಲ. ಪೋರ್ಟಲ್‌ನಲ್ಲಿ ಫಾರಂ 10-ಐಸಿಯನ್ನ ರಿಟರ್ನಿನ ಕೊನೆ ದಿನದೊಳಗೆ ಬೇರೆಯಾಗಿ ಹಾಕಬೇಕು. ಕಂಪನಿಗಳಿಗೆ ಆ ದಿನ ಅಕ್ಟೋಬರ್ 31. ಈ ಫಾರಂ ಮರೆತು, ಹೆಚ್ಚಿನ ದರದಲ್ಲಿ ಡಿಮ್ಯಾಂಡ್ ಬಂದು ಒದ್ದಾಡಿದ ಕಂಪನಿಗಳು ಬಹಳ. ಒಂದು ಸಲ ಹಾಕಿದ್ರೆ ಮುಂದಿನ ವರ್ಷಗಳಿಗೂ ಅದೇ ಅನ್ವಯ, ವಾಪಸ್ ತಗೊಳ್ಳೋಕೆ ಬರಲ್ಲ. ಆಡಿಟರ್ ಜೊತೆ ಕೂತು ತೀರ್ಮಾನ ಮಾಡಿ.

ಕೊಟೇಷನ್ ಬಂದ ಮೇಲೆ ಮೊದಲ ವರ್ಷದ ರೇಟ್ ನೋಡಬೇಡಿ, ರಿನ್ಯೂವಲ್ ರೇಟ್ ಕೇಳಿ. ಲೈಸೆನ್ಸ್ ಯೂಸರ್ ಲೆಕ್ಕಕ್ಕಾ, ಜಿಎಸ್‌ಟಿ ನಂಬರ್ ಲೆಕ್ಕಕ್ಕಾ? ನಿಮ್ಮ ಆಡಿಟರಿಗೆ ಒಂದು ಲಾಗಿನ್ ಅದರಲ್ಲೇ ಬರುತ್ತಾ? ರಿನ್ಯೂ ಮಾಡದೇ ಬಿಟ್ಟರೆ ಹಳೇ ಡೇಟಾ ಓದೋಕಾದ್ರೂ ಸಿಗುತ್ತಾ? ಕಂಪನಿ ತನ್ನ ಲೆಕ್ಕದ ಪುಸ್ತಕಗಳನ್ನ, ಎಡಿಟ್ ಲಾಗ್ ಸಮೇತ, 8 ವರ್ಷ ಇಟ್ಟುಕೊಳ್ಳಬೇಕು, ಹಾಗಾಗಿ ಇದು ಸಣ್ಣ ಪ್ರಶ್ನೆ ಅಲ್ಲ. ಟ್ರಯಲ್ ದಿನಗಳಲ್ಲೇ ಎಲ್ಲ ಲೆಡ್ಜರ್, ವೋಚರ್ ಎಕ್ಸೆಲ್‌ಗೆ ತೆಗೆದು ನೋಡಿ.

ಹೊಸ ಕಾನೂನು ಕೂಡ ನೆನಪಿರಲಿ. ಇನ್‌ಕಮ್ ಟ್ಯಾಕ್ಸ್ ಕಾಯ್ದೆ 2025 ಜಾರಿಗೆ ಬಂದಿರೋದು 2026ರ ಏಪ್ರಿಲ್ 1ರಿಂದ. 2026ರ ಮಾರ್ಚ್‌ವರೆಗಿನ ಆದಾಯದ ರಿಟರ್ನು 1961ರ ಕಾಯ್ದೆ ಪ್ರಕಾರವೇ. ಅದಾದ ಮೇಲಿನ ಟಿಡಿಎಸ್ ಮಾತ್ರ ಹೊಸ ಸೆಕ್ಷನ್ ನಂಬರ್‌ಗಳಲ್ಲಿ. ಅಂದ್ರೆ ಒಂದೇ ವರ್ಷದಲ್ಲಿ ಸಾಫ್ಟ್‌ವೇರ್ ಎರಡೂ ಕಾಯ್ದೆ ನಿಭಾಯಿಸಬೇಕು. ಈ ಅಪ್‌ಡೇಟ್ ಕೊಟ್ಟ ದುಡ್ಡಿನಲ್ಲೇ ಸೇರಿದೆಯಾ ಕೇಳಿ.

ಕೊನೆಯದು ಡಿಎಸ್‌ಸಿ, ಅಂದ್ರೆ ಡಿಜಿಟಲ್ ಸಹಿಯ ಸರ್ಟಿಫಿಕೇಟು. ಕಂಪನಿಯ ಐಟಿಆರ್‌ಗೆ ಆಧಾರ್ ಓಟಿಪಿ ನಡೆಯಲ್ಲ, ಡೈರೆಕ್ಟರ್‌ನ ಡಿಜಿಟಲ್ ಸಹಿಯೇ ಬೇಕು. ಅದನ್ನ ಬೇರೆಯಾಗೇ ಮಾಡಿಸಬೇಕು. ಸೆಪ್ಟೆಂಬರ್‌ನಲ್ಲೇ ಯುಎಸ್‌ಬಿ ಟೋಕನ್ ಹಾಕಿ, ಸಹಿಯನ್ನ ಪೋರ್ಟಲ್‌ಗೆ ಜೋಡಿಸೋ ಎಂಸೈನರ್ ಸಾಫ್ಟ್‌ವೇರ್ ಓಪನ್ ಮಾಡಿ, ಅವಧಿ ಮುಗಿದಿಲ್ಲ ತಾನೇ, ಪೋರ್ಟಲ್‌ನಲ್ಲಿ ರಿಜಿಸ್ಟರ್ ಆಗಿದೆಯಾ ನೋಡಿಕೊಳ್ಳಿ. ಪಾಸ್‌ವರ್ಡ್ ಯಾರ ಹತ್ರ ಇದೆ ಅನ್ನೋದನ್ನೂ ಅವತ್ತೇ ವಿಚಾರಿಸಿ.